ಎರಡು ಸಲ ಬಂದ ಐದನೆಯ ಫಾರಂ

ಸೂಜಿಯ ಸಂತಾಪ ಸಭೆಯಲ್ಲಿ ಮೊದಲು ಮಾತಾಡಿದವರು ಅವಳನ್ನು ಮೃದುಭಾಷಿ ಎಂದರು. ಆಮೇಲೆ ಬಂದವರೆಲ್ಲ ಅದನ್ನೇ ಹಿಡಿದುಕೊಂಡರು. ಅವಳ ಬಾಯಿಂದ ಒಮ್ಮೆಯೂ ಬೈಸಿಕೊಳ್ಳದವರು ಆ ಕೋಣೆಯಲ್ಲಿ ಒಬ್ಬರೂ ಇರಲಿಲ್ಲ ಎಂದು ನನಗೆ ಗೊತ್ತಿತ್ತು, ಮಾತಾಡುತ್ತಿದ್ದವರಿಗೂ ಗೊತ್ತಿತ್ತು. ಸತ್ತವರ ಬಗ್ಗೆ ಒಳ್ಳೆಯದನ್ನೇ ಹೇಳಬೇಕು ಎನ್ನುವವರಿಗೆ ಒಳ್ಳೆಯದು ಯಾವುದು ಎಂದು ಹುಡುಕುವ ತಾಳ್ಮೆ ಇರುವುದಿಲ್ಲ. ಕೈಗೆ ಸಿಕ್ಕಿದ್ದನ್ನು ಹೊದಿಸಿ ಮನೆಗೆ ಹೋಗುತ್ತಾರೆ.

ಸೂಜಿ ಎನ್ನುವುದು ಶಾಲೆಯಲ್ಲಿ ಅವಳ ನಾಲಿಗೆಗೆ ಬಿದ್ದ ಅಡ್ಡಹೆಸರು. ಮುಂದೆ ಗ್ರಂಥಾಲಯದಲ್ಲಿ ಪುಸ್ತಕ ಹೊಲಿಯುವ ಕೆಲಸಕ್ಕೆ ಸೇರಿದಾಗ ಹೆಸರಿಗೆ ಕೆಲಸವೂ ಹೊಂದಿಕೊಂಡಿತು. ನಾನು ಅವಳ ಪಕ್ಕದ ಬೆಂಚಿನವಳು. ಪಾಠ ಹೇಳಿ ಬದುಕಿದೆ, ಒಂದಷ್ಟು ಓದಿದೆ. ಆ ತಪ್ಪಿಗೆ ಅವಳು ನನ್ನನ್ನು ಪಂಡಿತೆ ಎಂದು ಕರೆಯುತ್ತಿದ್ದಳು. ಹೊಗಳಿಕೆಯಲ್ಲ ಎಂದು ಬೇರೆ ಹೇಳಬೇಕಾಗಿಲ್ಲ.

ಅವಳು ಕೆಲಸ ಮಾಡುತ್ತಿದ್ದದ್ದು ಗ್ರಂಥಾಲಯದ ಹಿಂಬದಿ, ಸೈಕಲ್ ನಿಲ್ಲಿಸುವ ಜಾಗದ ಪಕ್ಕದ ದುರಸ್ತಿ ಕೋಣೆಯಲ್ಲಿ. ಒಂದು ಉದ್ದ ಮೇಜು, ಹಿಡಿಕೆ ತಿರುಗಿಸಿ ಪುಸ್ತಕ ಒತ್ತುವ ಕಬ್ಬಿಣದ ಯಂತ್ರ, ಕಿಟಕಿಯ ಹತ್ತಿರ ಅಂಟಿನ ಡಬ್ಬ, ಗೋಡೆಗುಂಟ ರಟ್ಟಿನ ಕಟ್ಟುಗಳು. ಅವಳಿಗಿಂತ ಮುಂಚೆ ಅದೇ ಮೇಜಿನ ಮುಂದೆ ಅವಳ ಅಪ್ಪ ಕೂತಿದ್ದರು. ಒಂದೇ ಪುಸ್ತಕದ ಹರಿದ ಪ್ರತಿಗಳು ನಾಲ್ಕೈದು ಕೂಡಿಬಿದ್ದರೆ ಎಲ್ಲವನ್ನೂ ಬಿಚ್ಚಿ, ಹಾಳೆ ಗಟ್ಟಿಯಿರುವ ಭಾಗಗಳನ್ನು ಆರಿಸಿ, ಎರಡು ಒಳ್ಳೆಯ ಪ್ರತಿ ಕಟ್ಟುವುದು ಅಲ್ಲಿನ ಪದ್ಧತಿ. ದೊಡ್ಡ ಹಾಳೆಯನ್ನು ಮಡಿಸಿ ಮಾಡಿದ ಹದಿನಾರು ಪುಟಗಳ ಕಂತೆಗೆ ಬೈಂಡರುಗಳು ಫಾರಂ ಎನ್ನುತ್ತಾರೆ. ಆ ಫಾರಂಗಳನ್ನು ಒಂದರ ಮೇಲೊಂದು ಇಟ್ಟು ಬೆನ್ನಿಗೆ ದಾರ ಹಾಕಿದರೆ ಪುಸ್ತಕ.

ನಾವು ನಾಲ್ಕನೆಯ ತರಗತಿಯಲ್ಲಿದ್ದಾಗ ಅವಳ ಅಪ್ಪನ ಮೇಜಿಗೆ ಮಕ್ಕಳ ಕಾದಂಬರಿಯೊಂದರ ನಾಲ್ಕು ಹರಿದ ಪ್ರತಿ ಬಂದವು. ಹೆಸರು 'ತಕ್ಕಡಿ ಊರು'. ಆರು ಫಾರಂಗಳ ಸಣ್ಣ ಪುಸ್ತಕ. ಅವರು ನಾಲ್ಕನ್ನೂ ಬಿಚ್ಚಿ ಎರಡು ಪ್ರತಿ ಕಟ್ಟಿದರು. ಐದನೆಯ ಫಾರಂ ಎರಡು ಒಟ್ಟಿಗೆ ಅಂಟಿಕೊಂಡಂತೆ ಕೂತಿದ್ದವು. ಎರಡೂ ಒಂದೇ ಪ್ರತಿಗೆ ಸೇರಿಹೋದವು. ಆರನೆಯದು ಎರಡೂ ಇನ್ನೊಂದಕ್ಕೆ ಹೋದವು. ಎಣಿಸಿದರೆ ಎರಡರಲ್ಲೂ ಆರಾರು ಫಾರಂ ಸರಿಯಾಗಿಯೇ ಇತ್ತು. ಅವರು ಎಣಿಸುತ್ತಿದ್ದರು, ಪುಟದ ಅಂಕಿ ನೋಡುತ್ತಿರಲಿಲ್ಲ. ಹೀಗೆ ಕೊನೆಯೇ ಇಲ್ಲದ ಒಂದು ಪುಸ್ತಕ ಮತ್ತು ಎರಡೆರಡು ಕೊನೆಯಿರುವ ಇನ್ನೊಂದು ಪುಸ್ತಕ ತಯಾರಾದವು. ಎರಡನೆಯದು ಬೇರೆ ಊರಿನ ಶಾಖೆಗೆ ಹೋಯಿತು. ಕೊನೆಯಿಲ್ಲದ್ದು ನಮಗೆ ಸಿಕ್ಕಿತು.

ಕಥೆ ಇಷ್ಟು. ಗೋಡೆ ಕಟ್ಟಿದ ಒಂದು ಊರು. ಅಲ್ಲಿ ದಿನಾ ಬೆಳಗ್ಗೆ ಎಲ್ಲರನ್ನೂ ತೂಗುತ್ತಾರೆ. ಮನಸ್ಸಿನಲ್ಲಿ ಗುಟ್ಟು ಇಟ್ಟುಕೊಂಡವರ ತೂಕ ಹೆಚ್ಚುತ್ತದೆ; ನಿನ್ನೆಗಿಂತ ಭಾರವಾದವರನ್ನು ತಕ್ಕಡಿಯವರು ಕರೆದುಕೊಂಡು ಹೋಗುತ್ತಾರೆ. ಒಬ್ಬ ಹುಡುಗಿಗೆ ಗೋಡೆಯಲ್ಲಿ ಒಂದು ಕಂಡಿ ಇರುವುದು ಗೊತ್ತಾಗುತ್ತದೆ. ಐದನೆಯ ಫಾರಂ ಬೆಳಗಿನ ಗಂಟೆಯಿಂದ ಶುರುವಾಗಿ, ಅವಳು ಆ ಕಂಡಿಯಲ್ಲಿ ತಲೆ ತೂರಿಸಿ ಹೊರಗೆ ನೋಡುವಲ್ಲಿಗೆ ಮುಗಿಯುತ್ತದೆ. ಮುಗಿಯುವುದೂ ವಾಕ್ಯದ ನಡುವೆ. ಆ ಪುಟದ ಕೊನೆಯ ಪದ 'ಅಲ್ಲಿ'. ನಾವು ಉಸಿರು ಹಿಡಿದು ಹಾಳೆ ತಿರುಗಿಸಿದೆವು. 'ಬೆಳಗಿನ ಗಂಟೆ ಬಾರಿಸಿತು. ಎಲ್ಲರೂ ಸಾಲಿನಲ್ಲಿ ನಿಂತರು.' ಮತ್ತೆ ಅದೇ ಸಾಲು, ಅದೇ ತೂಕ, ಪಕ್ಕದ ಮನೆಯ ಅದೇ ಹುಡುಗನನ್ನು ಮತ್ತೆ ಕರೆದುಕೊಂಡು ಹೋಗುವುದು, ಮತ್ತೆ ಕಂಡಿ, ಮತ್ತೆ 'ಅಲ್ಲಿ'. ಆಮೇಲೆ ರಟ್ಟು.

ಗೋಡೆಯ ಆಚೆಗೂ ಇದೇ ಊರು ಇದೆ ಎಂದು ನಮಗೆ ಅರ್ಥವಾಯಿತು. ಅಷ್ಟು ಹೆದರಿಸಿದ ಇನ್ನೊಂದು ಪುಸ್ತಕವನ್ನು ನಾನು ಆಮೇಲೆ ಓದಿಲ್ಲ. ಎಷ್ಟೋ ವಾರ ಇಬ್ಬರೂ ಶಾಲೆಯ ಸಾಲಿನಲ್ಲಿ ನಿಲ್ಲಲು ಹಿಂದೇಟು ಹಾಕಿದೆವು.

ವಕೀಲರೊಬ್ಬರು ತಮ್ಮ ಮಗ ತಂದ ಪುಸ್ತಕ ನೋಡಿ ದೂರು ಕೊಟ್ಟರು. ಆಗಿನ ಗ್ರಂಥಾಲಯದ ಮುಖ್ಯಸ್ಥರು ಸೂಜಿಯ ಅಪ್ಪನನ್ನು ಓದುವ ಹಾಲಿಗೆ ಕರೆಸಿದರು. ಪತ್ರಿಕೆ ಓದುತ್ತಿದ್ದವರ ಮುಂದೆ ನಿಲ್ಲಿಸಿ, 'ಒಂದು ಶ್ರೇಷ್ಠ ಕೃತಿಯ ಅಂತ್ಯವನ್ನು ಮಕ್ಕಳಿಂದ ಕಸಿದದ್ದಕ್ಕೆ' ಕ್ಷಮೆ ಕೇಳಿಸಿದರು. ಅವರು ಕೈ ಮುಗಿದು ಕೇಳಿದರು. ಬೆರಳುಗಳಲ್ಲಿ ಅಂಟು ಇನ್ನೂ ಒಣಗಿರಲಿಲ್ಲ. ಸೂಜಿ ಊಟದ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಓದುಗರು ಪತ್ರಿಕೆಯಿಂದ ತಲೆ ಎತ್ತಿ ನೋಡಿದರು, ಮತ್ತೆ ತಗ್ಗಿಸಿದರು. ಇಷ್ಟೆಲ್ಲ ಮಾಡಿದ ಮುಖ್ಯಸ್ಥರಿಗೆ ಶಾಖೆಯಿಂದ ಇನ್ನೊಂದು ಪ್ರತಿ ತರಿಸಿ ಫಾರಂ ಬದಲಾಯಿಸುವುದು ಮಾತ್ರ ಹೊಳೆಯಲಿಲ್ಲ. ಕೈ ಮುಗಿಸುವುದಕ್ಕೆ ಒಂದು ಮಾತು ಸಾಕು. ಪುಸ್ತಕ ತರಿಸುವುದಕ್ಕೆ ಅರ್ಜಿ ಬರೆಯಬೇಕು. ಪುಸ್ತಕ ಹಾಗೇ ಕಪಾಟು ಸೇರಿತು.

ಅಪ್ಪ ಆ ದಿನದ ಬಗ್ಗೆ ಮನೆಯಲ್ಲಿ ಮಾತೆತ್ತಲಿಲ್ಲ. ಪುಟದ ಅಂಕಿ ಮಾತ್ರ ಎರಡೆರಡು ಸಲ ನೋಡಲು ಶುರು ಮಾಡಿದರು. ಸೂಜಿಯ ತಮ್ಮ ಆಗ ಚಿಕ್ಕವನು. ಅವನು ಶಾಲೆಗೆ ಸೇರುವ ಹೊತ್ತಿಗೆ ಹುಡುಗರಲ್ಲಿ ಅವನಿಗೆ 'ತಪ್ಪು ಹೊಲಿಗೆ' ಎಂಬ ಹೆಸರು ಸಿದ್ಧವಾಗಿತ್ತು. ಹತ್ತು ವರ್ಷ ಅದೇ ಹೆಸರಲ್ಲಿ ಓದಿದ.

ಸೂಜಿಗೆ ಉಳಿದದ್ದು ಬೇರೆ. ಆ ಹೋದ ಹದಿನಾರು ಪುಟಗಳಲ್ಲಿ ಏನೋ ಮಹತ್ತಾದದ್ದು ಇತ್ತು, ಅದನ್ನು ಅಪ್ಪ ಕಳೆದರು ಎಂದು ಅವಳು ನಂಬಿದಳು. ಪುಸ್ತಕ ಮತ್ತೆ ಅಚ್ಚಾಗಲಿಲ್ಲ, ಎಲ್ಲೂ ಸಿಗಲಿಲ್ಲ. ಅವಳು ನನ್ನ ಜೊತೆ ನಡೆಯುವಾಗ ಒಮ್ಮೊಮ್ಮೆ ಸುಮ್ಮನೆ ಕೇಳುತ್ತಿದ್ದಳು: "ಅಲ್ಲಿ ಏನಿತ್ತು ಅಂತೀಯ?" ನಾನು ಸಮುದ್ರ ಎನ್ನುತ್ತಿದ್ದೆ. ಅವಳು ಇನ್ನೊಂದು ಗೋಡೆ ಎನ್ನುತ್ತಿದ್ದಳು. ನಮ್ಮ ತಲೆ ನೆರೆಯುವವರೆಗೂ ಈ ಆಟ ನಡೆಯಿತು.

ಹೊಸ ಮುಖ್ಯಸ್ಥರು ಬಂದದ್ದು ಹೋದ ವರ್ಷ. ಅವರಿಗೆ ಸೂಜಿ ಚಪ್ಪಾಳೆ ಎಂದು ಹೆಸರಿಟ್ಟಿದ್ದಳು. ಯಾರು ಏನು ಹೇಳಿದರೂ ಅವರು ಎರಡು ಅಂಗೈ ಸೇರಿಸಿ ತಟ್ಟುತ್ತಿದ್ದರು. ಕಪಾಟಿಗೆ ಗೆದ್ದಲು ಹಿಡಿದಿದೆ ಎಂದು ವರದಿ ಕೊಟ್ಟಾಗಲೂ ತಟ್ಟಿದರಂತೆ. ಅದೇ ಹೊತ್ತಿಗೆ ಯಾವುದೋ ಪ್ರಕಾಶನದವರು 'ತಕ್ಕಡಿ ಊರು' ಮತ್ತೆ ಅಚ್ಚು ಹಾಕಿ, ಗ್ರಂಥಾಲಯಕ್ಕೆ ಒಂದು ಪ್ರತಿ ಕಳಿಸಿದರು. ಹೊಸದನ್ನು ಹಳೆಯದರ ಪಕ್ಕ ಇಟ್ಟು ನೋಡಿದ ಚಪ್ಪಾಳೆಯವರಿಗೆ ಹಳೆಯದರ ಕಥೆ ಯಾರೋ ಹೇಳಿದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ತಕ್ಷಣ ಅವರಿಗೆ ಒಂದು ಸಿದ್ಧಾಂತ ಹುಟ್ಟಿತು: ಬೈಂಡರ್ ಬೇಕೆಂದೇ ಹಾಗೆ ಹೊಲಿದ. ಸುಖಾಂತ್ಯ ಸುಳ್ಳು ಎಂದು ಅವನಿಗೆ ಅನ್ನಿಸಿತ್ತು, ಅದಕ್ಕೆ ಅವನು ಸೂಜಿದಾರದಲ್ಲೇ ಪ್ರತಿಭಟಿಸಿದ. ಹಳೆಯ ಪ್ರತಿಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು, ಪಕ್ಕದಲ್ಲಿ ಹಿತ್ತಾಳೆಯ ಫಲಕ ಹಾಕಿ, ವಾರ್ಷಿಕ ಸಮಾರಂಭದ ದಿನ ಅವನ ಮಕ್ಕಳಿಬ್ಬರನ್ನೂ ಕರೆದು ಸನ್ಮಾನ ಮಾಡುವುದೆಂದು ತೀರ್ಮಾನವಾಯಿತು.

ಇದನ್ನು ಹೇಳಲು ಚಪ್ಪಾಳೆಯವರೇ ದುರಸ್ತಿ ಕೋಣೆಗೆ ಬಂದಿದ್ದರು. ನಾನೂ ಅಲ್ಲಿದ್ದೆ.

"ನಾನು ಚಿಕ್ಕೋನಿದ್ದಾಗ ನಮ್ಮೂರ ಶಾಖೆಯಲ್ಲಿ ಈ ಪುಸ್ತಕ ಓದಿದ್ದೆ ಮೇಡಂ. ನಮ್ಮಲ್ಲಿದ್ದ ಪ್ರತೀಲಿ ಕೊನೆ ಎರಡು ಸಲ ಬರ್ತಿತ್ತು. ತುಂಬಾ ಖುಷಿ ಆಗ್ತಿತ್ತು."

ಸೂಜಿ ಹೊಲಿಗೆಯಿಂದ ತಲೆ ಎತ್ತಿ ಅವರನ್ನು ಒಂದು ಗಳಿಗೆ ನೋಡಿದಳು. ಅವರು ಹೋದ ಮೇಲೆ, "ನೋಡಿದೆಯಾ ಪಂಡಿತೆ, ಅಪ್ಪನ ಇನ್ನೊಂದು ಪ್ರತಿ ನಡ್ಕೊಂಡು ಬಂದಿತ್ತು," ಎಂದಳು.

ಆ ಹೊತ್ತಿಗೆ ಅವಳಿಗೆ ಹೊಟ್ಟೆಯ ಕಾಯಿಲೆ ಶುರುವಾಗಿತ್ತು. ವೈದ್ಯರು ಅದರ ಹೆಸರು ಹೇಳಿದ್ದರು; ಅವಳು ನಮಗೆ ಹೇಳಿರಲಿಲ್ಲ. ರಜೆ ಹಾಕಿ ಮನೆ ಸೇರಿದಳು. ಮನೆ ಎಂದರೆ ಅವಳ ತಮ್ಮನ ಅಂಗಡಿಯ ಮೇಲಿನ ಎರಡು ಕೋಣೆ. ಕೆಳಗೆ ಅವನು ಮಿಕ್ಸಿ, ಫ್ಯಾನು ರಿಪೇರಿ ಮಾಡುತ್ತಾನೆ. ಮಾತಿನ ನಡುವೆ ಯಾವುದೋ ಮಿಕ್ಸಿ ಗುರ್ ಎಂದರೆ ನಾವು ಬಾಯಿ ಮುಚ್ಚಿ ಕಾಯುತ್ತಿದ್ದೆವು. ಅವಳು ಕೇಳಿದ್ದರಿಂದ ನಾನು ಹೊಸ ಮುದ್ರಣದ ಪ್ರತಿ ತಂದುಕೊಟ್ಟೆ.

"ಇಷ್ಟು ತೆಳ್ಳಗಾ?" ಎಂದಳು, ಕೈಯಲ್ಲಿ ತೂಗಿ. "ನನ್ನ ನೆನಪಲ್ಲಿ ದಿಂಬಿನಷ್ಟಿತ್ತು."

ಬೆನ್ನು ಬಗ್ಗಿಸಿ ನೋಡಿ, ಇದು ಹೊಲಿದದ್ದಲ್ಲ, ಅಂಟಿಸಿದ್ದು, ಎರಡು ಮಕ್ಕಳ ಕೈ ತಾಗಿದರೆ ಎಲೆ ಉದುರಿದ ಹಾಗೆ ಉದುರುತ್ತದೆ ಎಂದು ಪ್ರಕಾಶಕರ ಮನೆತನವನ್ನು ಬೈದಳು. ಆಮೇಲೆ ಓದಲು ಕೂತಳು. ಮಧ್ಯಾಹ್ನ ನಾನು ಹೋದಾಗ ಒಂದಿಷ್ಟು ಗಟ್ಟಿಯಾಗಿ ಓದಿ ಬೈಯುವುದು, ಸುಸ್ತಾದರೆ ನನ್ನ ಕೈಲಿ ಓದಿಸಿ ಬೈಯುವುದು. ಅವಳ ಕೊನೆಯ ದಿನಗಳಲ್ಲಿ ನಾನು ಕಂಡ ಸಂತೋಷ ಅದೇ.

"ದಿನಾ ಬೆಳಗ್ಗೆ ಊರಿಗೂರನ್ನೇ ತೂಗ್ತಾರಂತೆ. ತಕ್ಕಡಿಯವರು ಸೂರ್ಯ ಹುಟ್ಟೋಕೆ ಮುಂಚೆ ಕೆಲಸಕ್ಕೆ ಹಾಜರು. ಯಾವ ಇಲಾಖೆ ಕಣೇ ಇದು? ನಮ್ಮಲ್ಲಿ ಬೀಗದಕೈ ಇಟ್ಕೊಂಡಿರೋನು ಬರೋದೇ ಹನ್ನೊಂದಕ್ಕೆ."

"ಮಕ್ಕಳ ಕಥೆ ಅಲ್ವೇನೇ."

"ಇಂಥ ಶ್ರದ್ಧೆ ಇರೋ ದುಷ್ಟರು ಸಿಕ್ಕಿದ್ರೆ ಚರಂಡಿ ರಿಪೇರಿ ಮಾಡಿಸ್ಕೊಬಹುದಿತ್ತು. ಆ ತಕ್ಕಡಿ ನೋಡು, ನೂರು ವರ್ಷದಿಂದ ಒಂದು ದಿನಾನೂ ಕೆಟ್ಟಿಲ್ಲ. ನಮ್ಮ ಆಫೀಸಿಗೆ ಕೊಟ್ಟಿದ್ರೆ ಮೊದಲನೇ ವಾರಾನೇ ತಟ್ಟೆ ಮಾಯ ಆಗಿರ್ತಿತ್ತು."

ಇನ್ನೊಂದು ದಿನ ತಕ್ಕಡಿಯವರ ಉಡುಪಿನ ವರ್ಣನೆ ಬಂತು. ಎಲ್ಲರೂ ಕಪ್ಪು ಕೋಟು, ಕಪ್ಪು ಬೂಟು.

"ಮಕ್ಕಳಿಗೆ ಇದನ್ನ ಹೇಳ್ಕೊಟ್ಟು ಹಾಳು ಮಾಡಿದ್ದು," ಎಂದಳು. "ಕೆಟ್ಟೋರು ಕಪ್ಪು ಕೋಟು ಹಾಕ್ಕೊಂಡು ಬರ್ತಾರೆ ಅಂತ ಕಾಯ್ತಾ ಕೂತ್ವಿ. ನನಗೆ ಕೆಟ್ಟದ್ದು ಮಾಡಿದವರೆಲ್ಲ ತಿಳಿನೀಲಿ ಷರ್ಟು ಹಾಕಿದ್ರು. ಮೊದಲು ಕೂತ್ಕೊಳ್ಳಿ ಅಂದ್ರು. ಟೀ ಬೇಕಾ ಅಂದ್ರು."

"ಆಗ ಇಷ್ಟಪಟ್ಟು ಓದಿದ್ದೆಯಲ್ಲ."

"ಆಗ ದಡ್ಡಿ."

"ಈಗಿನಕ್ಕಿಂತಾನಾ?"

"ಈಗಿನಷ್ಟಲ್ಲ ಬಿಡು. ಈಗ ನೋಡು, ದುಡ್ಡು ಕೊಟ್ಟು ತರ್ಸಿ ಓದ್ತಿದೀನಿ."

"ದುಡ್ಡು ಕೊಟ್ಟಿದ್ದು ನಾನು."

"ಹಾಗಾದ್ರೆ ದಡ್ಡಿ ನೀನು. ಓದು ಮುಂದೆ."

ನಾನು ಓದಿದೆ. ಅವಳು ಹೇಳುತ್ತಿದ್ದದ್ದರಲ್ಲಿ ತಪ್ಪು ಹುಡುಕಲು ನನಗೂ ಆಗಲಿಲ್ಲ. ಪುಸ್ತಕದ ತುಂಬ ದೊಡ್ಡವರೆಲ್ಲ ಪೆದ್ದರು, ಮಕ್ಕಳೆಲ್ಲ ಜಾಣರು. ತಾಯಿಯಾದವಳಿಗೆ ಅಳುವುದು ಬಿಟ್ಟು ಬೇರೆ ಕೆಲಸವೇ ಇಲ್ಲ. ಹುಡುಗಿ ಮಾತಾಡಿದರೆ ಭಾಷಣ. ಲೇಖಕರಿಗೆ ಮಕ್ಕಳ ಮೇಲೆ ಪ್ರೀತಿ ಇತ್ತು, ಸಂದೇಹವಿಲ್ಲ. ಪ್ರೀತಿ ಇರುವವರು ಹೀಗೆ ತಲೆ ಸವರುತ್ತಲೇ ಇರಬೇಕೆಂದೇನೂ ಇರಲಿಲ್ಲ.

ಐದನೆಯ ಫಾರಂ ಬಂತು. ಬೆಳಗಿನ ಗಂಟೆ ಬಾರಿಸಿತು. ಎಲ್ಲರೂ ಸಾಲಿನಲ್ಲಿ ನಿಂತರು. ಪಕ್ಕದ ಮನೆಯ ಹುಡುಗ ತಕ್ಕಡಿಯ ಮೇಲೆ ನಿಂತ, ತಟ್ಟೆ ಕೆಳಗಿಳಿಯಿತು. ನಾನು ಓದುತ್ತಿದ್ದೆ: 'ಅವನನ್ನು ಕರೆದುಕೊಂಡು ಹೋದರು. ಸಾಲಿನಲ್ಲಿ ಅವನ ಹಿಂದೆ ಇದ್ದವರು ಒಂದು ಹೆಜ್ಜೆ ಮುಂದೆ ಬಂದರು.'

"ನಿಲ್ಲಿಸು," ಎಂದಳು.

ಅವಳು ಬೈಯಲಿಲ್ಲ. ಕೆಳಗೆ ತಮ್ಮ ಯಾರಿಗೋ ಫ್ಯಾನಿನ ವಿಷಯ ವಿವರಿಸುತ್ತಿದ್ದ, ಅದನ್ನೇ ಕೇಳಿಸಿಕೊಳ್ಳುತ್ತಿರುವಂತೆ ಕೂತಳು.

"ಇದೊಂದು ನೋಡಿ ಬರೆದದ್ದು," ಎಂದಳು ಆಮೇಲೆ. "ಉಳಿದದ್ದೆಲ್ಲ ಕೂತು ಬರೆದದ್ದು. ಅಪ್ಪ ಹಾಲಿನಲ್ಲಿ ಕೈ ಮುಗಿದ್ರಲ್ಲ, ಅವತ್ತು ಸಾಯಂಕಾಲ ಸಂಬಳದ ಸಾಲಲ್ಲಿ ಅಪ್ಪ ಬರೋ ಹೊತ್ತಿಗೆ ಅವರ ಜಾಗ ಇರಲಿಲ್ಲವಂತೆ, ಆಮೇಲೆ ಯಾರೋ ಹೇಳಿದ್ರು. ಯಾರೂ ತಳ್ಳಿದ್ದಲ್ಲ. ಹಿಂದಿನವರು ಸರಿದಿದ್ದು."

ನಾನು ಮುಂದೆ ಓದಿದೆ. ನಗೆಪಾಟಲಿನ ಸಂಗತಿ ಎಂದರೆ, ಅಷ್ಟು ಬೈದ ಮೇಲೂ ಹಾಳೆ ತಿರುಗಿಸುವ ಮುಂಚೆ ಪುಟದ ಅಂಕಿ ಎರಡು ಸಲ ನೋಡಿಕೊಂಡೆ. ಹುಡುಗಿ ಕಂಡಿಯಲ್ಲಿ ತಲೆ ತೂರಿಸಿ ಹೊರಗೆ ನೋಡಿದಳು. ಅಲ್ಲಿ—

'ಅಲ್ಲಿ ಹಸಿರು ಹುಲ್ಲುಗಾವಲಿತ್ತು. ಬಿಳಿಯ ಕುರಿಮರಿಗಳು ನೆಗೆಯುತ್ತಿದ್ದವು.'

"ಏನು?" ಎಂದಳು ಸೂಜಿ.

"ಕುರಿಮರಿ."

"ಇನ್ನೊಂದ್ಸಲ ಓದು."

ಓದಿದೆ. ಕುರಿಮರಿಗಳು ನೆಗೆಯುತ್ತಲೇ ಇದ್ದವು. ಮುಂದೆ ಮುದುಕ ಕುರುಬನೊಬ್ಬ ಬಂದು, ಗುಟ್ಟು ಎಂದರೆ ಹೃದಯದಲ್ಲಿರುವ ಬೆಳಕು ಎಂದು ಎರಡು ಪುಟ ವಿವರಿಸಿದ. ಹುಡುಗಿ ಊರಿಗೆ ಮರಳಿ ತಕ್ಕಡಿಯ ಮುಂದೆ ಒಂದು ಹಾಡು ಹೇಳಿದಳು. ತಕ್ಕಡಿಯವರ ಯಜಮಾನ ಗಳಗಳ ಅತ್ತು, ತನಗೂ ಬಾಲ್ಯದಲ್ಲಿ ಒಂದು ಗುಟ್ಟು ಇತ್ತು ಎಂದ. ತಕ್ಕಡಿ ತಾನಾಗಿಯೇ ಮುರಿದುಬಿತ್ತು. ಹಿಡಿದುಕೊಂಡು ಹೋದವರೆಲ್ಲ ಒಂದು ಬಾಗಿಲಿಂದ ನಗುತ್ತ ಹೊರಬಂದರು, ಯಾರೂ ಸೊರಗಿರಲಿಲ್ಲ. ಎಲ್ಲರೂ ಕೈ ಕೈ ಹಿಡಿದು ಕುಣಿದರು.

ಸೂಜಿ ಮೊದಲು ನಕ್ಕಳು. ಹೊಟ್ಟೆ ಹಿಡಿದುಕೊಂಡು, ನೋವಾಗುತ್ತದೆ ಎಂದು ಬೇಡಿಕೊಳ್ಳುತ್ತ ನಕ್ಕಳು. "ಕುರಿ ಕಣೇ. ಇಷ್ಟು ವರ್ಷ ನಾವಿಬ್ರೂ ಕಾದಿದ್ದು ಕುರಿಗೆ." ನನಗೂ ನಗು ತಡೆಯಲಿಲ್ಲ. ಆಮೇಲೆ ಅವಳ ಮುಖ ಬದಲಾಯಿತು.

"ಇದಕ್ಕಾ ಅಪ್ಪ ಕೈ ಮುಗಿದಿದ್ದು?" ಎಂದಳು. "ಈ ಕಸ ಕಳೆದ್ರು ಅಂತಾನಾ?"

ನಾನು ಪುಸ್ತಕ ಮುಚ್ಚಿಟ್ಟೆ.

ಈಗ ತಮ್ಮನ ವಿಷಯ. ಫಲಕ ಹಾಕುತ್ತಾರೆ ಎಂದಾಗಿನಿಂದ ಅವನು ನೆಲದ ಮೇಲೆ ನಡೆಯುತ್ತಿರಲಿಲ್ಲ. ಅಂಗಡಿಗೆ ಬಂದವರಿಗೆಲ್ಲ ಹೇಳಿದ್ದ. ಸಮಾರಂಭಕ್ಕೆ ಹೊಸ ಷರ್ಟು ಹೊಲಿಸಿದ್ದ. ಅದು ತಿಳಿನೀಲಿಯಾಗಿರಲಿಲ್ಲ ಎಂದು ನನಗೆ ಸಮಾಧಾನವಾಯಿತು. ಅಕ್ಕ ವೇದಿಕೆಯ ಮೇಲೆ ನಾಲ್ಕು ಮಾತಾಡಬೇಕು ಎಂದು ಚಪ್ಪಾಳೆಯವರು ಕೇಳಿಕೊಂಡಿದ್ದೇ ಅವನ ಭಯ. ಮುಂಚಿನ ದಿನ ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದೇ ಮೇಲೆ ಬಂದ.

"ಅಕ್ಕ, ನಾಳೆ ಮೇಲೆ ಹೋಗು, ನಮಸ್ಕಾರ ಅನ್ನು, ಕೂತ್ಕೋ. ಅಷ್ಟು ಸಾಕು."

"ಯಾಕೆ, ನನ್ನ ಬಾಯಲ್ಲಿ ಹಾವು ಇದೆಯಾ?"

"ಹಾವು ಇದ್ದಿದ್ರೆ ಹೆದರ್ತಿರಲಿಲ್ಲ. ನೋಡು, ಅಪ್ಪಂಗೆ ಅವಮಾನ ಮಾಡಿದ್ದೂ ಲೈಬ್ರರಿಯವರೇ, ಈಗ ಮರ್ಯಾದೆ ಕೊಡ್ತಿರೋದೂ ಅವರೇ. ಸರಿಹೋಯ್ತಲ್ಲ."

"ಬೈದಿದ್ದು ನಿಜ ಹಿಡ್ಕೊಂಡು. ಹೊಗಳೋದು ಸುಳ್ಳು ಹಿಡ್ಕೊಂಡು. ಹೇಗೋ ಸರಿಹೋಗತ್ತೆ?"

"ಯಾರಿಗೇನು ನಷ್ಟ ಹೇಳು. ಹತ್ತು ವರ್ಷ ನನ್ನ ತಪ್ಪು ಹೊಲಿಗೆ ಅಂತ ಕರೆದ್ರಲ್ಲ, ಅವರಲ್ಲಿ ನಾಲ್ಕು ಜನ ನಾಳೆ ಬರ್ತಾರೆ. ಬಂದು ನೋಡ್ಲಿ. ನನಗೆ ಅಷ್ಟೇ ಬೇಕು."

ಅವನಿಗೆ ಅದು ಎಷ್ಟು ಬೇಕಿತ್ತೆಂದು ಸೂಜಿಗೆ ಗೊತ್ತಿತ್ತು.

"ಅಪ್ಪ ಬೇಕಂತ ಮಾಡಿದ್ದು ಅಂದ್ರೆ ಏನರ್ಥ ಗೊತ್ತಾ?" ಎಂದಳು, ಅವಳ ಮಟ್ಟಿಗೆ ಮೆತ್ತಗೆ. "ಬೇಕಂತ ಮಾಡಿ, ಆಮೇಲೆ ಹೆದರ್ಕೊಂಡು ಕೈ ಮುಗಿದ್ರು ಅಂತ. ತಪ್ಪು ಮಾಡಿ ಕೈ ಮುಗಿದೋರನ್ನ ಹೇಡಿ ಮಾಡ್ತಿದಾರೆ ಕಣೋ, ಹಾರ ಹಾಕಿ."

"ಅಷ್ಟೆಲ್ಲ ಯಾರು ಯೋಚಿಸ್ತಾರೆ?"

"ಯಾರೂ ಯೋಚಿಸಲ್ಲ. ಅದಕ್ಕೇ ಫಲಕ ಹಾಕ್ತಾರೆ."

ಅವನು ಮೆಟ್ಟಿಲಿಳಿದು ಹೋದ. ಕೆಳಗೆ ಒಂದು ಮಿಕ್ಸಿ ಬೇಕಿಲ್ಲದಷ್ಟು ಹೊತ್ತು ಓಡಿತು.

ಸಮಾರಂಭ ಅದೇ ಓದುವ ಹಾಲಿನಲ್ಲಿ ನಡೆಯಿತು. ಪತ್ರಿಕೆಯ ಮೇಜುಗಳನ್ನು ಸರಿಸಿ ಕುರ್ಚಿ ಹಾಕಿದ್ದರು. ಫಲಕದ ಮೇಲಿನ ಪರದೆಯನ್ನು ಚಪ್ಪಾಳೆಯವರು ಸರಿಸಿ ಗಟ್ಟಿಯಾಗಿ ಓದಿದರು: 'ಸುಳ್ಳು ಸುಖಾಂತ್ಯವನ್ನು ಒಪ್ಪದೆ, ಮೌನವಾಗಿ ತನ್ನ ದಾರದಿಂದಲೇ ಪ್ರತಿಭಟಿಸಿದ ಬೈಂಡರ್ ನೆನಪಿಗೆ.' ಮುಂದಿನ ಸಾಲಿನಲ್ಲಿ ಹೊಸ ಷರ್ಟಿನ ತಮ್ಮ, ಅವನ ಹಿಂದೆ ಅವನ ಹಳೆಯ ಸಹಪಾಠಿಗಳು. ಸೂಜಿ ನನ್ನ ಭುಜ ಹಿಡಿದು ವೇದಿಕೆ ಹತ್ತಿದಳು. ಮೈಕು ಅವಳಿಗೆ ಎತ್ತರವಾಗಿತ್ತು. ಬಗ್ಗಿಸಲು ಹೋದವನಿಗೆ ಬೇಡ ಎಂದಳು.

"ನಮ್ಮಪ್ಪ ಪ್ರತಿಭಟನೆ ಮಾಡಿದವರಲ್ಲ," ಎಂದಳು. "ತಪ್ಪು ಮಾಡಿದ್ರು. ಫಾರಂ ಎಣಿಸಿದ್ರು, ಪುಟ ನೋಡಲಿಲ್ಲ. ಯಾವ ಬೈಂಡರಿಗಾದ್ರೂ ಆಗೋ ತಪ್ಪು. ಅದಕ್ಕೆ ಇದೇ ಹಾಲಿನಲ್ಲಿ ಅವರ ಕೈಲಿ ಕ್ಷಮೆ ಕೇಳಿಸಿದ್ರು. ನಾನು ಆ ಬಾಗಿಲ ಹತ್ತಿರ ನಿಂತಿದ್ದೆ. ಹೋದ ಪುಟಗಳಲ್ಲಿ ಏನಿತ್ತು ಅಂತ ಮೊನ್ನೆ ಓದಿದೆ. ಕುರಿ ಇತ್ತು. ಅಷ್ಟಕ್ಕೆ ಅವರು ಕೈ ಮುಗಿಯೋ ಅಗತ್ಯ ಇರಲಿಲ್ಲ. ಫಲಕ ಹಾಕ್ಲೇಬೇಕು ಅಂದ್ರೆ, ಕೈ ಮುಗಿಸಿದವರು ಯಾರು ಅಂತ ಬರೆದು ಹಾಕಿ. ನಮ್ಮಪ್ಪನ್ನ ಬಿಡಿ."

ತಮ್ಮ ಎದ್ದು, ಯಾರನ್ನೂ ನೋಡದೆ ಹೊರಗೆ ಹೋದ. ಅಷ್ಟರಲ್ಲಿ ಚಪ್ಪಾಳೆಯವರು ಚಪ್ಪಾಳೆ ತಟ್ಟಿದರು. ಎಲ್ಲರೂ ತಟ್ಟಿದರು. ಮೈಕು ತೆಗೆದುಕೊಂಡು, ಎಂಥ ವಿನಯ ನೋಡಿ, ತಂದೆಯಂತೆಯೇ ಮಗಳು ಎಂದರು. ಫಲಕದ ಮುಂದೆ ಫೋಟೋ ತೆಗೆದರು. ಮಾತನ್ನು ಹೀಗೂ ಜೀರ್ಣಿಸಿಕೊಳ್ಳಬಹುದು ಎಂದು ಆ ಕಪ್ಪು ಕೋಟಿನವರ ಲೇಖಕರಿಗೆ ಹೊಳೆದೇ ಇರಲಿಲ್ಲ.

"ಹೊಡೆದಿದ್ರೆ ವಾಸಿ ಇತ್ತು," ಎಂದಳು ಸೂಜಿ ಆಟೋದಲ್ಲಿ.

ತಮ್ಮ ಅವಳ ಜೊತೆ ಮಾತು ಬಿಟ್ಟ. ಔಷಧಿ ಬಿಡಲಿಲ್ಲ. ಹೊತ್ತು ಹೊತ್ತಿಗೆ ಮೇಲೆ ಬಂದು ಮಾತ್ರೆ, ನೀರು ಇಟ್ಟು, ದಿಂಬು ಸರಿಮಾಡಿ, ಗೋಡೆಯ ಕಡೆ ನೋಡಿಕೊಂಡೇ ಇಳಿದು ಹೋಗುತ್ತಿದ್ದ. "ಈ ಮೌನ ಅವನಿಗೆ ಚೆನ್ನಾಗಿ ಒಪ್ಪತ್ತೆ. ಹುಟ್ಟಿದಾಗಲೇ ಶುರು ಮಾಡ್ಬೇಕಿತ್ತು," ಎಂದು ಅವನಿಗೆ ಕೇಳುವಂತೆ ಹೇಳುತ್ತಿದ್ದಳು. ಅವನು ತಿರುಗಿ ಬೈದರೆ ಸಾಕು ಎಂದು ಕಾಯುತ್ತಿದ್ದಳು. ಬೈಯಲಿಲ್ಲ. ಆಸ್ಪತ್ರೆಗೆ ಸೇರಿಸಿದಾಗಲೂ ಹಾಗೇ. ಅವಳು ಹೋದಾಗ ನಾನು ಕೆಳಗೆ ಔಷಧಿ ಅಂಗಡಿಯಲ್ಲಿದ್ದೆ. ಕೋಣೆಯಲ್ಲಿ ಅವನೊಬ್ಬನೇ ಇದ್ದ. ಅವರ ನಡುವೆ ಏನಾದರೂ ಮಾತಾಯಿತೇ ಎಂದು ನಾನು ಕೇಳಿಲ್ಲ, ಅವನು ಹೇಳಿಲ್ಲ. ಹೇಳಿದ್ದರೆ ಈ ಬರಹಕ್ಕೆ ಅನುಕೂಲವಾಗುತ್ತಿತ್ತು.

ಅವಳಿಲ್ಲದ ಮಧ್ಯಾಹ್ನಗಳಲ್ಲಿ ಏನು ಮಾಡುವುದೆಂದು ನನಗೆ ಇನ್ನೂ ಗೊತ್ತಾಗಿಲ್ಲ. ಪುಸ್ತಕ ಹಿಡಿದರೆ ಯಾವುದೂ ಸಾಕಷ್ಟು ಕೆಟ್ಟದ್ದಾಗಿ ಕಾಣುವುದಿಲ್ಲ, ಬೈಯುವವರು ಬೇಕು.

ಸಂತಾಪ ಸಭೆ ಮುಗಿದ ಮೇಲೆ ಚಪ್ಪಾಳೆಯವರು ನನ್ನನ್ನೂ ಸೂಜಿಯ ತಮ್ಮನನ್ನೂ ತಮ್ಮ ಕೋಣೆಗೆ ಕರೆಸಿದರು. ಇನ್ನೊಂದು ಫಲಕದ ಯೋಚನೆ ಇದೆ ಎಂದು ಒಂದು ಚೀಟಿ ಮುಂದಿಟ್ಟರು. 'ತಂದೆಯ ಸಾಹಸವನ್ನು ವಿನಯದಿಂದ ಮರೆಮಾಚಿದ ಮಗಳ ನೆನಪಿಗೆ' ಎಂದು ಬರೆದಿದ್ದರು. ನಾನು ಬಾಯಿ ತೆರೆಯುವ ಮುಂಚೆ ಅವನು ಚೀಟಿಯನ್ನು ಅವರ ಕಡೆಗೇ ತಳ್ಳಿದ.

"ಇದು ಬೇಡ ಸರ್."

"ಯಾಕಪ್ಪ? ತಂದೆಯವರ ಫಲಕಕ್ಕೆ ನೀನೇ ಖುಷಿಪಟ್ಟಿದ್ದೆ."

"ಅಪ್ಪನ ಬಗ್ಗೆ ಏನ್ ಬೇಕಾದ್ರೂ ಬರ್ಕೊಳ್ಳಿ. ಅಪ್ಪ ಪಾಪ, ಸುಮ್ನಿರ್ತಾರೆ. ಅಕ್ಕನ ಬಗ್ಗೆ ಬರೀಬೇಡಿ. ಅವಳು ಬಿಡಲ್ಲ."

"ಹಾಗಾದ್ರೆ ಏನು ಬರೆಯೋಣ, ನೀನೇ ಹೇಳು."

"ಏನೂ ಬೇಡ."

ಚಪ್ಪಾಳೆಯವರ ಎರಡು ಅಂಗೈಗಳು ಅಭ್ಯಾಸದಿಂದ ಹತ್ತಿರ ಬಂದವು, ಸದ್ದಿಲ್ಲದೆ ಮತ್ತೆ ಮೇಜಿನ ಮೇಲೆ ಕೂತವು. ಚೀಟಿಯನ್ನು ಡ್ರಾಯರಿಗೆ ಹಾಕಿದರು.

ಹೊರಗೆ ಬರುವಾಗ ಓದುವ ಹಾಲನ್ನು ದಾಟಬೇಕು. ಅಪ್ಪನ ಫಲಕದ ಮುಂದೆ ತಮ್ಮ ನಿಂತ. ಗಾಜಿನ ಪೆಟ್ಟಿಗೆಯಲ್ಲಿ ಹಳೆಯ ಪ್ರತಿ ಮುಚ್ಚಿಕೊಂಡು ಕೂತಿತ್ತು. ಅವನ ಜೇಬಿನಲ್ಲಿ ಸ್ಕ್ರೂಡ್ರೈವರ್ ಇತ್ತು. ಅವನು ಎಲ್ಲಿಗೆ ಹೋದರೂ ಇರುತ್ತದೆ. ನಾಲ್ಕು ತಿರುಪು ಬಿಚ್ಚಿದರೆ ಫಲಕ ಕೈಗೆ ಬರುತ್ತಿತ್ತು, ಅದನ್ನು ಅವನು ನನಗಿಂತ ಮುಂಚೆಯೇ ಲೆಕ್ಕ ಹಾಕಿದ್ದ ಎಂದು ಕಣ್ಣು ನೋಡಿದರೆ ಗೊತ್ತಾಗುತ್ತಿತ್ತು.

"ಇದನ್ನೂ ತೆಗೆಸ್ಬೇಕಿತ್ತಾ ಅಕ್ಕ?" ಎಂದ. ಅವನು ನನ್ನನ್ನೂ ಅಕ್ಕ ಎಂದೇ ಕರೆಯುತ್ತಾನೆ.

"ನಿನಗೆ ಬಿಟ್ಟಿದ್ದು."

ಅವನು ಅಂಗಿಯ ತುದಿಯಿಂದ ಹಿತ್ತಾಳೆಯ ಮೇಲಿನ ಧೂಳು ಒರೆಸಿದ.

"ಇರ್ಲಿ."

"ಅವಳು ಬೈತಾಳೆ."

"ಗೊತ್ತು," ಎಂದ. "ಬೈಲಿ ಅಂತಾನೇ."